ಭಾನುವಾರದ ಕೋಳಿ ಸಾರು: ತುಂಡು ಯಾರ ತಟ್ಟೆಗೆ?

ಭಾನುವಾರ ಹನ್ನೊಂದು ಗಂಟೆಯ ಹೊತ್ತಿಗೆ ನಂಜನಗೂಡು ತಾಲ್ಲೂಕಿನ ದೇವನೂರಿನ ಕಡೆ ಹೋಗಿ, ಅಥವಾ ಪಕ್ಕದ ತಿ. ನರಸೀಪುರ ತಾಲ್ಲೂಕಿನ ಯಾವುದಾದರೂ ಊರಿಗೆ ಹೋಗಿ. ಬೀದಿಯಲ್ಲಿ ಮಸಾಲೆ ಹುರಿದ ವಾಸನೆ ನಿಮ್ಮನ್ನು ಎದುರುಗೊಳ್ಳುತ್ತದೆ. ಸೋಮವಾರ ನಂಜುಂಡೇಶ್ವರನ ದಿನ. ಬಾಡು ತಿನ್ನುವ ಮನೆಗಳಲ್ಲೂ ಅನೇಕರು ಅಂದು ಅದನ್ನು ಮುಟ್ಟುವುದಿಲ್ಲ. ಆದ್ದರಿಂದ ಭಾನುವಾರವೇ ಕೋಳಿ ಸಾರಿನ ದಿನ. ಮನೆಮಂದಿಯೆಲ್ಲ ಮನೆಯಲ್ಲಿರುವುದೂ ಅಂದೇ.

ಈಗ ಊಟದ ಹೊತ್ತಿಗೆ ಅದೇ ಮನೆಯೊಳಗೆ ಬನ್ನಿ. ನೆಂಟರು ಬಂದಿದ್ದರೆ ಅವರಿಗೆ ಮೊದಲ ಪಂಕ್ತಿ. ಮನೆಯ ಯಜಮಾನರಿಗೆ ತೊಡೆಯ ತುಂಡು. ದುಡಿದು ಬಂದ ಮಗನಿಗೆ ಎರಡು ಸೌಟು ಹೆಚ್ಚು. ಗಂಡುಮಕ್ಕಳು ‘ಇನ್ನೊಂದು ಪೀಸು’ ಎಂದರೆ ಅದೂ ಉಂಟು. ಪುಟ್ಟ ಮಗುವಿಗೆ ಅನ್ನದ ಮೇಲೆ ತಿಳಿಸಾರು. ಎಲ್ಲರೂ ಎದ್ದ ಮೇಲೆ ಬೆಳಗಿನಿಂದ ಒಲೆಯ ಮುಂದೆ ನಿಂತ ತಾಯಿ ಪಾತ್ರೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾಳೆ. ಅದರಲ್ಲಿ ಉಳಿದಿರುವುದು ಕತ್ತಿನ ಮೂಳೆ, ಎರಡು ಆಲೂಗಡ್ಡೆ ಹೋಳು, ತಳದ ಸಾರು. ‘ನನಗೆ ತುಂಡು ಅಷ್ಟಾಗಿ ಸೇರುವುದಿಲ್ಲ’ ಎಂದು ಅವಳೇ ಹೇಳುತ್ತಾಳೆ. ನಾವೂ ನಂಬುತ್ತೇವೆ.

ನಿಮ್ಮ ಮನೆಯಲ್ಲಿ ಹೀಗೆ ನಡೆಯುವುದಿಲ್ಲವಾದರೆ ಸಂತೋಷ. ನಡೆಯುತ್ತಿದ್ದರೆ ಈ ವಾರದ ಅಂಕಣ ನಿಮಗಾಗಿ. ಇದು ಆರೋಗ್ಯದ ಅಂಕಣವೋ ಅಡುಗೆಯ ಅಂಕಣವೋ ಎಂದು ಕೇಳಬೇಡಿ. ನಮ್ಮ ಹೆಣ್ಣುಮಕ್ಕಳನ್ನು ಕಾಡುವ ರಕ್ತಹೀನತೆಗೂ ಬಡಿಸುವ ಸೌಟಿಗೂ ಹತ್ತಿರದ ನಂಟಿದೆ.

ಸುಸ್ತು ಎಂಬ ಸಾಮಾನ್ಯ ಮಾತು

2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ನೂರು ಮಹಿಳೆಯರಲ್ಲಿ 57 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಈ ಪ್ರಮಾಣ ಸುಮಾರು ಅರ್ಧ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ದೇಶದಾದ್ಯಂತ ಮೂರರಲ್ಲಿ ಇಬ್ಬರಿಗೆ ಈ ತೊಂದರೆ ಇದೆ. ಅಂದರೆ ಇದು ಎಲ್ಲೋ ದೂರದವರ ಕಾಯಿಲೆಯಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾದರೆ ತಲೆಸುತ್ತು, ಓದಲು ಕುಳಿತ ಮಗಳಿಗೆ ಮಂಕು, ಬಿಳಿಚಿದ ಉಗುರು, ಯಾವಾಗಲೂ ‘ಸುಸ್ತು’ ಎಂಬ ಮಾತು. ಇವುಗಳ ಹಿಂದೆ ಅನೇಕ ಸಲ ಇರುವುದು ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಾಗಿರುವುದೇ.

ಹಿಮೋಗ್ಲೋಬಿನ್ ತಯಾರಾಗಲು ಕಬ್ಬಿಣಾಂಶ ಬೇಕು, ಸಸಾರಜನಕ ಬೇಕು, ಕೆಲವು ಜೀವಸತ್ವಗಳೂ ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ನೀಡಿದ ಶಿಫಾರಸಿನಂತೆ ವಯಸ್ಕ ಪುರುಷನಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಸಾಕು. ಮಹಿಳೆಗೆ 29 ಮಿಲಿಗ್ರಾಂ ಬೇಕು. ತಿಂಗಳು ತಿಂಗಳೂ ರಕ್ತ ಕಳೆದುಕೊಳ್ಳುವವಳು ಅವಳು, ಗರ್ಭದಲ್ಲಿ ಮಗುವನ್ನು ಹೊರುವವಳೂ ಅವಳೇ. ಹೆಚ್ಚು ಬೇಕಾದವಳಿಗೆ ಕಡಿಮೆ ಸಿಗುತ್ತಿದೆ, ಕಡಿಮೆ ಸಾಕಾದವನಿಗೆ ಹೆಚ್ಚು ಸಿಗುತ್ತಿದೆ. ಲೆಕ್ಕ ತಪ್ಪಿರುವುದು ಇಲ್ಲಿಯೇ.

ಸತ್ವವೆಲ್ಲ ಸಾರಿನಲ್ಲಿದೆಯೇ?

‘ಸತ್ವವೆಲ್ಲ ಸಾರಿಗೆ ಇಳಿದಿರುತ್ತದೆ, ಮಗುವಿಗೆ ಸಾರು ಕೊಟ್ಟರೆ ಸಾಕು’ ಎಂಬುದು ಅನೇಕ ಹಿರಿಯರ ನಂಬಿಕೆ. ಇದು ಪೂರ್ತಿ ಸರಿಯಲ್ಲ. ಬೇಯುವಾಗ ಸ್ವಲ್ಪ ಲವಣಾಂಶ, ಮೂಳೆ-ಚರ್ಮಗಳ ಅಂಟು, ಕರಗಿದ ಕೊಬ್ಬು, ರುಚಿ ಇವು ಸಾರಿಗೆ ಇಳಿಯುತ್ತವೆ. ಆದರೆ ಸಸಾರಜನಕದ ಬಹುಪಾಲು ತುಂಡಿನಲ್ಲಿಯೇ ಉಳಿಯುತ್ತದೆ. ಕಬ್ಬಿಣಾಂಶದ ಹೆಚ್ಚಿನ ಪಾಲೂ ಅಲ್ಲಿಯೇ. ಬಿಸಿ ಸಾರು ಶೀತವಾದಾಗ ಮೂಗು ಬಿಡಿಸುತ್ತದೆ, ಬಾಯಿರುಚಿ ಕೆಟ್ಟವರಿಗೆ ಹಸಿವು ತರುತ್ತದೆ, ನಿಜ. ಆದರೆ ಬೆಳೆಯುವ ಮಗುವಿಗೆ, ಬಾಣಂತಿಗೆ, ವಯಸ್ಸಾದವರಿಗೆ ಬರೀ ಸಾರು ಕೊಟ್ಟು ‘ಕೋಳಿ ತಿಂದರು’ ಎಂದು ಸಮಾಧಾನಪಟ್ಟರೆ ಅವರಿಗೆ ಸಿಕ್ಕಿದ್ದು ರುಚಿ ಮಾತ್ರ.

ಮೂಳೆ ಬಿಟ್ಟು 100 ಗ್ರಾಂ ಹಸಿ ಕೋಳಿ ಮಾಂಸದಲ್ಲಿ ಸುಮಾರು 20 ಗ್ರಾಂ ಸಸಾರಜನಕ ಇರುತ್ತದೆ. 55 ಕಿಲೋ ತೂಕದ ಮಹಿಳೆಗೆ ದಿನಕ್ಕೆ ಬೇಕಾದದ್ದು ಸುಮಾರು 46 ಗ್ರಾಂ. ಅಂದರೆ ಎರಡು ಮೂರು ಸಾಧಾರಣ ತುಂಡುಗಳು ಅವಳ ದಿನದ ಅಗತ್ಯದ ಹತ್ತಿರಹತ್ತಿರ ಅರ್ಧವನ್ನು ಒಂದೇ ಊಟದಲ್ಲಿ ತುಂಬುತ್ತವೆ.

ಮುದ್ದೆ, ಸೊಪ್ಪು, ಕೋಳಿ: ಮೂರರ ಸ್ನೇಹ

ಕೋಳಿಯ ಮಾಂಸವೊಂದೇ ಕಬ್ಬಿಣಾಂಶದ ಗಣಿ ಎಂದು ತಿಳಿಯಬೇಡಿ. ಅದರ ಸಾಮಾನ್ಯ ತುಂಡಿನಲ್ಲಿ ನೂರು ಗ್ರಾಂಗೆ ಒಂದು ಮಿಲಿಗ್ರಾಂ ಆಸುಪಾಸು ಕಬ್ಬಿಣಾಂಶ ಇದ್ದರೆ ಹೆಚ್ಚು. ಅದರ ಲಿವರಿನಲ್ಲಿ ಇದರ ಎಷ್ಟೋ ಪಟ್ಟು ಇರುತ್ತದೆ. ಹಾಗಿದ್ದೂ ತುಂಡಿಗೆ ಏಕಿಷ್ಟು ಮಹತ್ವ?

ರಾಗಿಯಲ್ಲಿ, ಸೊಪ್ಪಿನಲ್ಲಿ, ಕಾಳುಗಳಲ್ಲಿ ಕಬ್ಬಿಣಾಂಶ ಸಾಕಷ್ಟಿದೆ. ಆದರೆ ಅದು ನಮ್ಮ ಕರುಳಿಗೆ ಸುಲಭವಾಗಿ ದಕ್ಕುವುದಿಲ್ಲ. ಧಾನ್ಯಗಳಲ್ಲಿರುವ ಫೈಟೇಟ್, ರಾಗಿಯ ಸಿಪ್ಪೆಯಲ್ಲಿರುವ ಟ್ಯಾನಿನ್ ಮುಂತಾದವು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ತಿಂದದ್ದರಲ್ಲಿ ಸ್ವಲ್ಪ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಮಾಂಸದ ಕಬ್ಬಿಣಾಂಶದಲ್ಲಿ ಒಂದು ಪಾಲು ಬೇರೆ ಬಗೆಯದು. ಅದು ಸುಲಭವಾಗಿ ಒಳಸೇರುತ್ತದೆ. ಅಷ್ಟೇ ಅಲ್ಲ, ಅದೇ ಊಟದಲ್ಲಿ ತಿಂದ ಮುದ್ದೆಯ, ಸೊಪ್ಪಿನ ಕಬ್ಬಿಣಾಂಶವೂ ಹೆಚ್ಚು ದಕ್ಕುವಂತೆ ಮಾಂಸ ನೆರವಾಗುತ್ತದೆ. ನಿಂಬೆರಸದಲ್ಲಿ, ನೆಲ್ಲಿಕಾಯಿ, ಸೀಬೆಹಣ್ಣುಗಳಲ್ಲಿರುವ ಜೀವಸತ್ವ ‘ಸಿ’ಯದೂ ಇದೇ ಉಪಕಾರ.

ಕಾಲುವೆ ನೀರು ಹರಿದ ಕಡೆ ಬತ್ತ, ಹರಿಯದ ಕಡೆ ರಾಗಿ, ಹುರುಳಿ, ಅವರೆ ಬೆಳೆಯುವ ಈ ಸೀಮೆಯಲ್ಲಿ ಮುದ್ದೆ, ಬೆರಕೆ ಸೊಪ್ಪು, ಕೋಳಿ ಸಾರು ಯಾವುದೂ ಹೊಸದಲ್ಲ. ಹೊಸದಾಗಿ ಮಾಡಬೇಕಾದದ್ದು ಇಷ್ಟೆ: ಮೂರೂ ಒಂದೇ ಹೊತ್ತಿನ ತಟ್ಟೆಯಲ್ಲಿರಲಿ, ಆ ತಟ್ಟೆ ಮನೆಯ ಎಲ್ಲರಿಗೂ ಸಿಗಲಿ. ‘ಕೋಳಿ ಮಾಡಿದ ದಿನ ಪಲ್ಯ ಯಾಕೆ?’ ಎಂದು ಸೊಪ್ಪನ್ನು ಕೈಬಿಡುವುದು ಅನೇಕರ ರೂಢಿ. ಕೋಳಿ ಮಾಡಿದ ದಿನವೇ ಪಲ್ಯ ಮಾಡಬೇಕು.

ಕೊಳ್ಳುವಾಗ ಗಮನಿಸಿ

ನಾಟಿ ಕೋಳಿಯೋ ಫಾರಂ ಕೋಳಿಯೋ ಎಂಬ ವಾದ ಮುಗಿಯುವಂಥದ್ದಲ್ಲ. ಮೇಯ್ದು ಓಡಾಡಿದ ನಾಟಿ ಕೋಳಿಯಲ್ಲಿ ಕೊಬ್ಬು ಕಡಿಮೆ, ರುಚಿ ಹೆಚ್ಚು, ಬೇಯಲು ಹೊತ್ತು ಬೇಕು, ಬೆಲೆಯೂ ಜಾಸ್ತಿ. ಹೆಬ್ಬಾಳದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು ಅಭಿವೃದ್ಧಿಪಡಿಸಿದ ‘ಗಿರಿರಾಜ’ ತಳಿಯನ್ನು ಹಿತ್ತಿಲಲ್ಲಿ ಸಾಕುವವರೂ ಇದ್ದಾರೆ. ಸಸಾರಜನಕದ ಮಟ್ಟಿಗೆ ಮೂರಕ್ಕೂ ಅಂಥ ವ್ಯತ್ಯಾಸವಿಲ್ಲ. ಕೈಗೆಟಕುವುದನ್ನು ಕೊಳ್ಳಿ.

ಫಾರಂ ಕೋಳಿಗೆ ಹಾರ್ಮೋನು ಚುಚ್ಚುತ್ತಾರೆ, ಅದಕ್ಕೇ ಅದು ಆರು ವಾರದಲ್ಲಿ ಬೆಳೆಯುತ್ತದೆ ಎಂಬ ಭಯ ವ್ಯಾಪಕವಾಗಿದೆ. ಅದು ಬೇಗ ಬೆಳೆಯುವುದು ತಳಿಯ ಆಯ್ಕೆಯಿಂದ ಮತ್ತು ಆಹಾರದಿಂದ. ನಿಜವಾಗಿ ಚಿಂತಿಸಬೇಕಾದದ್ದು ಜೀವನಿರೋಧಕ ಔಷಧಿಗಳ ಅತಿ ಬಳಕೆಯ ಬಗೆಗೆ. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿದಿರುವ ಕೊಲಿಸ್ಟಿನ್ ಎಂಬ ಔಷಧಿಯನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಪಕ್ಷಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಈ ಕಾರಣಕ್ಕೇ.

2020ರ ಮಾರ್ಚ್ ತಿಂಗಳಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡದ್ದು ನಿಮಗೆ ನೆನಪಿರಬಹುದು. ಹಕ್ಕಿಜ್ವರದ ಸುದ್ದಿ ಬಂದ ಊರಿನಲ್ಲಿ ಸರ್ಕಾರ ಹೇಳುವಷ್ಟು ದಿನ ಕೋಳಿ ಕೊಳ್ಳಬೇಡಿ. ಸತ್ತು ಬಿದ್ದ ಅಥವಾ ಕಾಯಿಲೆಯಿಂದ ಮಂಕಾದ ಕೋಳಿಯನ್ನು ‘ಹಾಳಾಗುತ್ತದಲ್ಲ’ ಎಂದು ಎಂದೂ ಅಡುಗೆಗೆ ಬಳಸಬೇಡಿ, ಬರಿಗೈಯಲ್ಲಿ ಮುಟ್ಟಲೂ ಬೇಡಿ. ಉಳಿದಂತೆ, ಚೆನ್ನಾಗಿ ಬೆಂದ ಮಾಂಸದಲ್ಲಿ ಈ ವೈರಾಣು ಬದುಕುವುದಿಲ್ಲ.

ತೊಳೆಯುವ ವಿಚಾರ

ಇಲ್ಲಿ ಅನೇಕ ಗೃಹಿಣಿಯರು ನನ್ನೊಡನೆ ಜಗಳಕ್ಕೆ ಬರಬಹುದು. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ರಭಸವಾಗಿ ತೊಳೆಯಬಾರದು ಎಂದು ಆಹಾರ ತಜ್ಞರು ಹೇಳುತ್ತಾರೆ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣುಗಳು ಇರುವ ಸಂಭವವುಂಟು. ನೀರು ಸಿಡಿದರೆ ಅವು ಪಕ್ಕದಲ್ಲಿ ಹೆಚ್ಚಿಟ್ಟ ಸೌತೆಕಾಯಿಗೆ, ತೊಳೆದಿಟ್ಟ ತಟ್ಟೆಗೆ, ಕುಡಿಯುವ ನೀರಿನ ಬಿಂದಿಗೆಗೆ ಹಾರುತ್ತವೆ. ಕೋಳಿ ಬೇಯುತ್ತದೆ, ಸೌತೆಕಾಯಿ ಬೇಯುವುದಿಲ್ಲ. ವಾಂತಿ-ಭೇದಿ ಶುರುವಾಗುವುದು ಹೀಗೆ.

ತೊಳೆಯದೆ ಬೇಯಿಸಲು ಮನಸ್ಸೊಪ್ಪದಿದ್ದರೆ ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ, ತುಂಡುಗಳನ್ನು ಅದರಲ್ಲಿ ಮೆಲ್ಲಗೆ ಅದ್ದಿ ತೆಗೆಯಿರಿ. ನೀರನ್ನು ಸಿಡಿಯದಂತೆ ಚೆಲ್ಲಿ. ಪಾತ್ರೆ, ಈಳಿಗೆಮಣೆ, ಚಾಕು, ಕೈ ಎಲ್ಲವನ್ನೂ ಸೋಪು ಹಾಕಿ ತೊಳೆಯಿರಿ. ಅರಿಸಿನ ಹಚ್ಚುವುದು ಒಳ್ಳೆಯದೇ, ಆದರೆ ಅದರಿಂದ ರೋಗಾಣು ಸಾಯುತ್ತದೆಂದು ನಂಬಬೇಡಿ. ಅದನ್ನು ಸಾಯಿಸುವುದು ಒಲೆಯ ಉರಿ ಮಾತ್ರ. ಪಲ್ಯದ ಸೊಪ್ಪು, ಹಸಿ ತರಕಾರಿಗಳನ್ನು ಮೊದಲು ಹೆಚ್ಚಿಟ್ಟು, ಕೋಳಿಯ ಕೆಲಸವನ್ನು ಆಮೇಲೆ ಮಾಡಿದರೆ ಅರ್ಧ ತೊಂದರೆ ತಪ್ಪುತ್ತದೆ.

ಒಂದೇ ಪಾತ್ರೆಯ ಅಡುಗೆ

ಪಾಶ್ಚಾತ್ಯ ದೇಶಗಳ ಮನೆಗಳಲ್ಲಿ ‘ಕ್ಯಾಸರೋಲ್’ ಎಂಬ ಅಡುಗೆ ಬಹಳ ಬಳಕೆಯಲ್ಲಿದೆ. ನಮ್ಮಲ್ಲಿ ಆ ಹೆಸರು ಚಪಾತಿ ಬಿಸಿಯಾಗಿಡುವ ಡಬ್ಬಿಗೆ ಅಂಟಿಕೊಂಡಿದೆ. ಅಲ್ಲಿ ಅದು ಮುಚ್ಚಳವಿರುವ ದಪ್ಪ ಪಾತ್ರೆ, ಮತ್ತು ಅದರೊಳಗೆ ಕೋಳಿ, ತರಕಾರಿಗಳನ್ನು ಒಟ್ಟಿಗೆ ಹಾಕಿ ಸಣ್ಣ ಶಾಖದಲ್ಲಿ ನಿಧಾನವಾಗಿ ಬೇಯಿಸಿದ ಅಡುಗೆ. ಅವರು ಓವನ್‌ನಲ್ಲಿ ಇಡುತ್ತಾರೆ. ನಮ್ಮ ಅಜ್ಜಿಯರು ಮಣ್ಣಿನ ಮಡಕೆಯನ್ನು ಕೆಂಡದ ಒಲೆಯ ಮೇಲೆ ಇಡುತ್ತಿದ್ದರು. ತತ್ವ ಒಂದೇ. ಒಂದು ಪಾತ್ರೆ, ಕಡಿಮೆ ಎಣ್ಣೆ, ಬಿಗಿ ಮುಚ್ಚಳ, ಕಡಿಮೆ ಉರಿ. ಮಾಡುವವರಿಗೂ ಒಲೆಯ ಮುಂದೆ ನಿಂತು ಕೈಯಾಡಿಸುವ ಕಷ್ಟವಿಲ್ಲ.

ಐದು ಜನರ ಮನೆಗೆ ಬೇಕಾದದ್ದು: ಮೂಳೆಸಹಿತ ಕೋಳಿ ಮುಕ್ಕಾಲು ಕಿಲೋ (ಚರ್ಮ ತೆಗೆಸಿ, ಲಿವರ್ ಬಿಡದೆ ತನ್ನಿ), ಈರುಳ್ಳಿ 3, ಟೊಮೆಟೊ 2, ಆಲೂಗಡ್ಡೆ 1, ನವಿಲುಕೋಸು 2 (ಅವರೆಯ ಕಾಲದಲ್ಲಿ ಒಂದು ಬಟ್ಟಲು ಹಸಿ ಅವರೆಕಾಳು), ಬೆಳ್ಳುಳ್ಳಿ 12 ಎಸಳು, ಒಂದು ಅಂಗುಲ ಶುಂಠಿ, ದನಿಯ 2 ಚಮಚ, ಒಣಮೆಣಸಿನಕಾಯಿ 5 ಅಥವಾ 6, ಕಾಳುಮೆಣಸು ಅರ್ಧ ಚಮಚ, ಒಂದು ಚೂರು ಚಕ್ಕೆ, 3 ಲವಂಗ, ತೆಂಗಿನ ತುರಿ ಕಾಲು ಬಟ್ಟಲು, ಅರಿಸಿನ, ಕೊತ್ತಂಬರಿ ಸೊಪ್ಪು, ಎಣ್ಣೆ 2 ದೊಡ್ಡ ಚಮಚ, ಉಪ್ಪು ಒಂದೂವರೆ ಟೀ ಚಮಚ.

ದನಿಯ, ಮೆಣಸಿನಕಾಯಿ, ಕಾಳುಮೆಣಸು, ಚಕ್ಕೆ, ಲವಂಗಗಳನ್ನು ಎಣ್ಣೆಯಿಲ್ಲದೆ ಬೆಚ್ಚಗೆ ಹುರಿಯಿರಿ. ಒಂದು ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ತೆಂಗಿನ ತುರಿಯೊಡನೆ ನುಣ್ಣಗೆ ರುಬ್ಬಿಕೊಳ್ಳಿ. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ಉಳಿದ ಈರುಳ್ಳಿಯನ್ನು ಕೆಂಪಗೆ ಬಾಡಿಸಿ. ಕೋಳಿ, ಅರಿಸಿನ, ಉಪ್ಪು ಹಾಕಿ ಐದು ನಿಮಿಷ ಕೈಯಾಡಿಸಿ. ಈಗ ಉರಿ ಸಣ್ಣದು ಮಾಡಿ ಮುಚ್ಚಿ. ಮುಚ್ಚಳಕ್ಕೆ ತಗ್ಗಿರುವ ತಟ್ಟೆಯನ್ನು ಬಳಸಿ, ಅದರ ಮೇಲೆ ಒಂದು ಲೋಟ ನೀರು ನಿಲ್ಲಿಸಿ. ಒಳಗಿನ ಆವಿ ತಟ್ಟೆಯ ತಳಕ್ಕೆ ತಾಗಿ ಮತ್ತೆ ಒಳಗೇ ಹನಿಯುತ್ತದೆ, ತಳ ಹಿಡಿಯುವುದಿಲ್ಲ. ಮೇಲಿನ ಬಿಸಿ ನೀರನ್ನು ಆಮೇಲೆ ಸಾರಿಗೇ ಬಳಸಬಹುದು.

ಹತ್ತು ನಿಮಿಷದಲ್ಲಿ ಕೋಳಿ ತನ್ನ ನೀರು ಬಿಟ್ಟಿರುತ್ತದೆ. ಟೊಮೆಟೊ, ರುಬ್ಬಿದ ಮಸಾಲೆ ಹಾಕಿ ಹಸಿ ವಾಸನೆ ಹೋಗುವವರೆಗೆ ಬಾಡಿಸಿ. ಮೂರು ಲೋಟ ಬಿಸಿ ನೀರು, ಹೋಳು ಮಾಡಿದ ತರಕಾರಿ ಹಾಕಿ ಮತ್ತೆ ಮುಚ್ಚಿ. ಫಾರಂ ಕೋಳಿಯಾದರೆ ಇನ್ನು 25–30 ನಿಮಿಷ ಸಾಕು. ನಾಟಿ ಕೋಳಿಗೆ ಒಂದು ಗಂಟೆಯಾದರೂ ಬೇಕು. ಅದು ಮುಕ್ಕಾಲು ಬೆಂದ ಮೇಲೆ ತರಕಾರಿ ಹಾಕಿ, ಇಲ್ಲವಾದರೆ ತರಕಾರಿ ಕರಗಿಹೋಗುತ್ತದೆ. ಲಿವರನ್ನು ಕೊನೆಯ ಹತ್ತು ನಿಮಿಷ ಇರುವಾಗ ಹಾಕಿ. ಮೊದಲೇ ಹಾಕಿದರೆ ಗಟ್ಟಿಯಾಗುತ್ತದೆ.

ಬೆಂದಿದೆಯೇ ಎಂದು ನೋಡಲು ತೊಡೆಯ ದಪ್ಪ ತುಂಡನ್ನು ತೆಗೆದು ಮೂಳೆಯ ಪಕ್ಕ ಬಿಡಿಸಿ. ಒಳಗೆ ಎಲ್ಲಿಯೂ ನಸುಗೆಂಪು ಮಾಂಸ ಉಳಿದಿರಬಾರದು, ಹೊರಬರುವ ರಸ ತಿಳಿಯಾಗಿರಬೇಕು. ತುಂಡಿನ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ರೋಗಾಣುಗಳು ಉಳಿಯುವುದಿಲ್ಲ. ಮುಚ್ಚಿ ಕುದಿಸಿದ ಸಾರಿನಲ್ಲಿ ಇದಕ್ಕೆ ಕೊರತೆಯಿಲ್ಲ. ಎಚ್ಚರ ಬೇಕಾದದ್ದು ಹೊರಗೆ ಕರಿದು ಒಳಗೆ ಹಸಿಯಾಗಿರುವ ಕಬಾಬು, ಸುಟ್ಟ ಕೋಳಿಗಳಲ್ಲಿ.

ಜೊತೆಗೆ ಸೊಪ್ಪಿನ ಪಲ್ಯ

ಐದು ಜನಕ್ಕೆ ಅರ್ಧ ಕಿಲೋಗಿಂತ ಕಡಿಮೆ ಸೊಪ್ಪು ತರಬೇಡಿ. ಬೆಂದ ಮೇಲೆ ಅದು ಹಿಡಿಯಷ್ಟಾಗುತ್ತದೆ. ದಂಟು, ಕೀರೆ, ಹೊನಗೊನೆ, ನುಗ್ಗೆ ಯಾವುದಾದರೂ ಆದೀತು. ಹಿತ್ತಿಲಲ್ಲಿ ನುಗ್ಗೆ ಮರವಿದ್ದರೆ ದುಡ್ಡು ಕೊಡುವ ಮಾತೇ ಇಲ್ಲ. ಕಣ್ಣಿಗೆ ಬೇಕಾದ ಜೀವಸತ್ವ ‘ಎ’ಯ ಮೂಲವಸ್ತು, ಸುಣ್ಣದಂಶ, ಕಬ್ಬಿಣಾಂಶ ಮೂರೂ ಅದರಲ್ಲಿವೆ.

ಸೊಪ್ಪನ್ನು ಹೆಚ್ಚುವ ಮೊದಲೇ ಎರಡು ಮೂರು ನೀರಿನಲ್ಲಿ ತೊಳೆಯಿರಿ. ಹೆಚ್ಚಿದ ಮೇಲೆ ತೊಳೆದರೆ ಸತ್ವವೂ ನೀರಿನೊಡನೆ ಹೋಗುತ್ತದೆ. ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಮಾಡಿ. ಸೊಪ್ಪು ಹಾಕಿ, ನೀರು ಚಿಮುಕಿಸಿ, ಬಾಡುವಷ್ಟು ಹೊತ್ತು ಮಾತ್ರ ಬೇಯಿಸಿ. ನುಗ್ಗೆಗೆ ಇನ್ನೈದು ನಿಮಿಷ ಹೆಚ್ಚು. ಉಪ್ಪು ಕೊನೆಯಲ್ಲಿ, ಕಡಿಮೆ. ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಒಲೆಯ ಮೇಲಿರುವಾಗ ಹಿಂಡಬೇಡಿ. ಜೀವಸತ್ವ ‘ಸಿ’ ಬಿಸಿಗೆ ನಾಶವಾಗುತ್ತದೆ. ಸೊಪ್ಪು ಸಿಗದ ದಿನ ಹುರುಳಿಕಾಯಿ, ಕ್ಯಾರೆಟ್, ಎಲೆಕೋಸು, ಎಳೆ ಬದನೆ ಯಾವುದರ ಪಲ್ಯವಾದರೂ ಸರಿ. ಪಕ್ಕದಲ್ಲಿ ಹಸಿ ಸೌತೆಕಾಯಿ, ಮೂಲಂಗಿ, ಈರುಳ್ಳಿ ಹೋಳುಗಳಿರಲಿ.

ಊಟವಾದ ಮೇಲೆ ಒಂದು ಹಣ್ಣು. ನಂಜನಗೂಡಿನ ರಸಬಾಳೆ ಸಿಕ್ಕರೆ ಅದೃಷ್ಟ. ಸೊರಗು ರೋಗದಿಂದ ಆ ಬಾಳೆ ಅಪರೂಪವಾಗಿದೆ. ಆದರೆ ಕಬ್ಬಿಣಾಂಶ ದಕ್ಕಿಸಿಕೊಳ್ಳಲು ಬಾಳೆಗಿಂತ ಸೀಬೆಹಣ್ಣು ಮೇಲು. ಊಟದ ಬೆನ್ನಿಗೇ ಕಾಫಿ, ಟೀ ಬೇಡ. ಅವು ಕಬ್ಬಿಣಾಂಶವನ್ನು ತಡೆಯುತ್ತವೆ. ಒಂದು ಗಂಟೆ ತಡೆದು ಕುಡಿಯಿರಿ.

ಬಡಿಸುವ ಮೊದಲು

ಈಗ ಮುಖ್ಯವಾದ ಮಾತು. ಮುಕ್ಕಾಲು ಕಿಲೋ ಕೋಳಿಯಲ್ಲಿ ಮೂಳೆ ಬಿಟ್ಟರೆ ಐದು ಜನಕ್ಕೆ ತಲಾ ನೂರು ಗ್ರಾಂ ಹಸಿ ಮಾಂಸದಷ್ಟು ಪಾಲು ಬರುತ್ತದೆ. ಎಲ್ಲರಿಗೂ ಸಾಕು, ಒಬ್ಬರು ಎರಡು ಪಾಲು ತಿನ್ನದಿದ್ದರೆ. ಆದ್ದರಿಂದ ಮೊದಲ ತಟ್ಟೆಗೆ ಬಡಿಸುವ ಮುನ್ನವೇ ಮನೆಯಲ್ಲಿರುವ ಜನರ ಲೆಕ್ಕಕ್ಕೆ ತುಂಡುಗಳನ್ನು ಪಾಲು ಮಾಡಿ. ಆಮೇಲೆ ಊಟ ಮಾಡುವವರ ಪಾಲನ್ನು ಬೇರೆ ಬಟ್ಟಲಿನಲ್ಲಿ ಎತ್ತಿಟ್ಟು ಮುಚ್ಚಿ. ಸಾಧ್ಯವಾದರೆ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿ. ಮುದ್ದೆ, ಸಾರು, ಪಲ್ಯ ನಡುವೆ ಇರಲಿ, ಬೇಕಾದವರು ಬಡಿಸಿಕೊಳ್ಳಲಿ.

ಈ ಕೆಲಸ ಅಡುಗೆ ಮಾಡಿದವಳಿಂದ ಆಗುವುದು ಕಷ್ಟ. ತನ್ನ ಪಾಲನ್ನು ತಾನೇ ಎತ್ತಿಟ್ಟುಕೊಳ್ಳಲು ಅವಳಿಗೆ ಸಂಕೋಚ. ಆದ್ದರಿಂದ ಈ ಪತ್ರಿಕೆಯನ್ನು ಓದುತ್ತಿರುವ ಗಂಡಸರಿಗೆ, ಮನೆಯ ಹಿರಿಯ ಅತ್ತೆಯರಿಗೆ ನನ್ನ ವಿನಂತಿ. ‘ಅವಳಿಗೆ ಎತ್ತಿಟ್ಟಿದ್ದೀರಾ?’ ಎಂದು ನೀವು ಕೇಳಿ. ಒಂದೆರಡು ಭಾನುವಾರ ಕೇಳಿದರೆ ಸಾಕು, ಆಮೇಲೆ ಅದೇ ರೂಢಿಯಾಗುತ್ತದೆ.

ಲಿವರ್ ಯಾರಿಗೆ ಎಂಬ ಪ್ರಶ್ನೆಗೂ ಉತ್ತರವಿದೆ. ಮುಟ್ಟಾಗಲು ಶುರುವಾದ ಹುಡುಗಿಗೆ, ಬೆಳೆಯುವ ಮಗುವಿಗೆ ಮೊದಲು ಕೊಡಿ. ಗರ್ಭಿಣಿಯರಿಗೆ ಮಾತ್ರ ಲಿವರ್ ಬೇಡ. ಅದರಲ್ಲಿ ಜೀವಸತ್ವ ‘ಎ’ ಅತಿಯಾಗಿರುತ್ತದೆ. ಮಾಂಸದ ತುಂಡನ್ನು ಅವರು ಧಾರಾಳವಾಗಿ ತಿನ್ನಬಹುದು.

ಓದುಗರು ಕೇಳುವ ಪ್ರಶ್ನೆಗಳು

ಗರ್ಭಿಣಿಗೆ, ಮುಟ್ಟಾದವರಿಗೆ ಕೋಳಿ ಉಷ್ಣವಲ್ಲವೇ? ಕೋಳಿ ತಿಂದರೆ ಗರ್ಭಕ್ಕೆ ತೊಂದರೆ, ರಕ್ತಸ್ರಾವ ಹೆಚ್ಚು ಎಂಬುದಕ್ಕೆ ವೈದ್ಯಕೀಯ ಆಧಾರವಿಲ್ಲ. ಚೆನ್ನಾಗಿ ಬೆಂದಿರಬೇಕು, ಖಾರ ಮಿತವಾಗಿರಬೇಕು, ಅಷ್ಟೆ. ಬಾಣಂತಿಗೆ ಮೆಣಸು ಬೆಳ್ಳುಳ್ಳಿ ಹಾಕಿದ ನಾಟಿ ಕೋಳಿ ಸಾರು ಕೊಡುವ ನಮ್ಮ ಪದ್ಧತಿ ಒಳ್ಳೆಯದು. ಆದರೆ ‘ಮಗುವಿಗೆ ಶೀತ’ ಎಂದು ಅವಳ ತಟ್ಟೆಯಿಂದ ಸೊಪ್ಪು, ಹಣ್ಣು ತೆಗೆದುಬಿಡುವುದು ತಪ್ಪು.

ಮಗುವಿಗೆ ಯಾವಾಗಿನಿಂದ ಕೊಡಬಹುದು? ಆರು ತಿಂಗಳು ತುಂಬಿ ಮೇಲಾಹಾರ ಶುರುವಾದ ಮೇಲೆ ಕೊಡಬಹುದು. ಮೂಳೆ, ನಾರು ತೆಗೆದು ಮೆತ್ತಗೆ ಬೆಂದ ಮಾಂಸವನ್ನು ನುಣ್ಣಗೆ ಅರೆದು ಅನ್ನದೊಡನೆ ಕಲಸಿ. ಮಗುವಿನ ಪಾಲನ್ನು ಖಾರ, ಉಪ್ಪು ಬೀಳುವ ಮೊದಲೇ ಬೇರೆ ಬೇಯಿಸಿಕೊಳ್ಳಿ. ಹಲ್ಲಿಲ್ಲದ ಅಜ್ಜ ಅಜ್ಜಿಯರಿಗೂ ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ ಕೊಡಿ. ಅಗಿಯಲಾರರೆಂದು ಬರೀ ಸಾರು ಕೊಟ್ಟರೆ ಅವರ ಸ್ನಾಯುಗಳು ಇನ್ನೂ ಸೊರಗುತ್ತವೆ.

ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದವರು? ತಿನ್ನಬಹುದು. ರಕ್ತದೊತ್ತಡದವರಿಗೆ ಉಪ್ಪು ಮುಖ್ಯ. ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು. ಉಪ್ಪಿನಕಾಯಿ, ಹಪ್ಪಳಗಳನ್ನು ಆ ದಿನ ದೂರವಿಡಿ. ಸಕ್ಕರೆ ಕಾಯಿಲೆಯವರು ‘ರಾಗಿ ಎಷ್ಟು ತಿಂದರೂ ಏನೂ ಆಗದು’ ಎಂದು ದೊಡ್ಡ ಮುದ್ದೆ ಉಣ್ಣುತ್ತಾರೆ. ಅದೂ ಪಿಷ್ಟವೇ, ಅದರಿಂದಲೂ ಸಕ್ಕರೆ ಏರುತ್ತದೆ. ಮುದ್ದೆ ಚಿಕ್ಕದಾಗಲಿ, ಪಲ್ಯ ದೊಡ್ಡದಾಗಲಿ. ಮೂತ್ರಪಿಂಡದ ಕಾಯಿಲೆ ಇರುವವರು ಸಸಾರಜನಕದ ಪ್ರಮಾಣವನ್ನು ತಮ್ಮ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಉಳಿದ ಸಾರು? ಬೆಂದ ಅಡುಗೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹಾಗೇ ಹೊರಗಿರಬಾರದು. ಮಧ್ಯಾಹ್ನದ್ದು ರಾತ್ರಿಗೆ ಬೇಕಿದ್ದರೆ ಚಿಕ್ಕ ಪಾತ್ರೆಗೆ ಬಗ್ಗಿಸಿ, ಆರಿದ ಕೂಡಲೇ ಫ್ರಿಜ್ಜಿನಲ್ಲಿಡಿ. ತಿನ್ನುವ ಮುನ್ನ ಕುದಿಬರುವಂತೆ ಕಾಯಿಸಿ. ಬರೀ ಬೆಚ್ಚಗೆ ಮಾಡಿದರೆ ಸಾಲದು. ಫ್ರಿಜ್ಜಿಲ್ಲದ ಮನೆಯವರು ಒಂದು ಹೊತ್ತಿಗೆ ಮುಗಿಯುವಷ್ಟೇ ಕೊಳ್ಳುವುದು ಜಾಣತನ. ಸೋಮವಾರ ಹೇಗೂ ತಿನ್ನುವವರಿಲ್ಲ.

ನಾವು ಮಾಂಸ ತಿನ್ನುವವರಲ್ಲ, ನಮಗೇನು ದಾರಿ? ಇದೇ ಪಾತ್ರೆಯಲ್ಲಿ ಕೋಳಿಯ ಬದಲು ಮೊಳಕೆ ಬರಿಸಿದ ಹುರುಳಿಕಾಳು, ಅವರೆ, ಕಡಲೆ ಬೇಯಿಸಿ. ಮೊಳಕೆ ಬಂದಾಗ ಕಬ್ಬಿಣಾಂಶವನ್ನು ತಡೆಯುವ ಫೈಟೇಟ್ ಕಡಿಮೆಯಾಗುತ್ತದೆ. ಸೊಪ್ಪಿನ ಪಲ್ಯ, ನಿಂಬೆರಸ ಇನ್ನೂ ಅಗತ್ಯ. ಮೊಟ್ಟೆ ತಿನ್ನುವವರು ದಿನಕ್ಕೊಂದು ಮೊಟ್ಟೆ ಸೇರಿಸಿಕೊಳ್ಳಬಹುದು. ಕೋಳಿ ತಿನ್ನುವ ಮನೆಗಳಿಗೂ ವಾರದ ಉಳಿದ ಆರು ದಿನ ಈ ಕಾಳುಗಳೇ ಗತಿ ಎಂಬುದನ್ನು ಮರೆಯಬಾರದು.

ಕೊನೆಯದಾಗಿ ಒಂದು ಎಚ್ಚರಿಕೆ. ವಾರಕ್ಕೊಮ್ಮೆ ಕೋಳಿ ತಿಂದ ಮಾತ್ರಕ್ಕೆ ಆಗಲೇ ಬಂದಿರುವ ರಕ್ತಹೀನತೆ ವಾಸಿಯಾಗುವುದಿಲ್ಲ. ಸದಾ ಸುಸ್ತು, ಏದುಸಿರು ಇದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಮಹಿಳೆಯರಲ್ಲಿ 12 ಗ್ರಾಂ, ಗರ್ಭಿಣಿಯರಲ್ಲಿ 11 ಗ್ರಾಂಗಿಂತ ಕಡಿಮೆಯಿದ್ದರೆ ವೈದ್ಯರು ಹೇಳಿದಷ್ಟು ದಿನ ಕಬ್ಬಿಣಾಂಶದ ಮಾತ್ರೆ ನುಂಗಲೇಬೇಕು. ಮಲ ಕಪ್ಪಾಯಿತೆಂದು ನಡುವೆ ಬಿಡಬೇಡಿ. ಅದು ಮಾತ್ರೆಯ ಬಣ್ಣ. ಹೊಟ್ಟೆಹುಳುವಿನ ಬಗೆಗೂ ಕೇಳಿ. ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಮಾತ್ರೆ ವಾಸಿಮಾಡುತ್ತದೆ. ಮತ್ತೆ ಬಾರದಂತೆ ತಡೆಯಲು ದಿನದಿನದ ತಟ್ಟೆ ನೆರವಾಗುತ್ತದೆ.

ಬರುವ ಭಾನುವಾರ ನಿಮ್ಮ ಮನೆಯಲ್ಲೂ ಕೋಳಿ ಸಾರಾಗಬಹುದು. ಸಾರು ಎಷ್ಟು ರುಚಿಯಾಯಿತು ಎಂದು ಎಲ್ಲರೂ ಹೇಳುತ್ತಾರೆ. ಊಟ ಮುಗಿದ ಮೇಲೆ ಅಡುಗೆಮನೆಗೆ ಹೋಗಿ, ಅದನ್ನು ಮಾಡಿದವಳ ತಟ್ಟೆಯನ್ನೊಮ್ಮೆ ನೋಡಿ. ಅದರಲ್ಲಿ ಎರಡು ಒಳ್ಳೆಯ ತುಂಡು, ಒಂದು ಸೌಟು ಸೊಪ್ಪಿನ ಪಲ್ಯ ಇದ್ದರೆ ಅಂದಿನ ಅಡುಗೆ ಸಾರ್ಥಕವಾಯಿತೆಂದು ತಿಳಿಯಿರಿ.